ಒಂಬತ್ತನೇ ಪುಟದ ಸಾಕ್ಷಿ

ಬೆಳಗಿನ ಆರೂವರೆ. ಅತ್ತಾವರದ ಒಂದು ಸಣ್ಣ ಸಂಶೋಧನಾ ಕೇಂದ್ರದ ಹಿಂಬಾಗಿಲ ಬಳಿಯ ಬೆಂಚಿನಲ್ಲಿ ಆರೇಳು ಮಂದಿ ಖಾಲಿ ಹೊಟ್ಟೆಯಲ್ಲಿ ಕುಳಿತಿದ್ದಾರೆ. ರಕ್ತ ಕೊಡುವ ತನಕ ಒಂದು ಗುಟುಕು ಚಾ ಕೂಡ ಕುಡಿಯುವಂತಿಲ್ಲ. ಹೊಸ ಮದ್ದುಗಳ ಪರೀಕ್ಷೆಗೆ ತಾವಾಗಿ ಮೈಯೊಡ್ಡಲು ಬಂದವರು ಇವರು. ಅವರ ನಡುವೆ ಅರವತ್ತೊಂದು ವರ್ಷದ ಮುದ್ದು ಎಂಬ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹದಿನಾಲ್ಕು ಪುಟಗಳ ಒಪ್ಪಿಗೆ ಪತ್ರದ ಕನ್ನಡವನ್ನು ತುಳುವಿಗೆ ಇಳಿಸಿ ಹೇಳುತ್ತಿದ್ದಾರೆ. ನಾಲ್ಕು ಸಾಲಿಗೊಮ್ಮೆ ಉಸಿರು ಸಾಲದೆ ನಿಲ್ಲುತ್ತಾರೆ.

ಇವತ್ತು ಎದುರಿಗಿರುವವರು ಉಳ್ಳಾಲದ ನಬೀಸಾ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದರ ಪರೀಕ್ಷೆಗೆ ಸೇರಲು ಬಂದಿದ್ದಾರೆ. ಒಂಬತ್ತನೇ ಪುಟಕ್ಕೆ ಬಂದಾಗ ಮುದ್ದು ಓದುವುದನ್ನು ನಿಲ್ಲಿಸುತ್ತಾರೆ, ಕನ್ನಡಕ ತೆಗೆಯುತ್ತಾರೆ.

“ಮನೆಯಲ್ಲಿ ಬೇರೆ ಯಾರಿಗಾದ್ರೂ ಸಕ್ಕರೆ ಉಂಟಾ?”

ತಂಗಿಗೆ ಉಂಟು ಎನ್ನುತ್ತಾರೆ ನಬೀಸಾ.

“ಈ ಮಾತ್ರೆ ಒಳ್ಳೇದು ಅಂತ ಕಂಡ್ರೆ ಅವಳಿಗೆ ಕೊಡ್ತೀರಾ?”

“ಕೊಡದೆ ಮತ್ತೆ? ಒಡಹುಟ್ಟಿದವಳಲ್ವಾ,” ಎಂದು ನಬೀಸಾ ನಗುತ್ತಾರೆ. ಮುದ್ದು ನಗುವುದಿಲ್ಲ. ಕಾಗದವನ್ನು ಮಡಿಲಲ್ಲಿ ಮಗುಚಿಟ್ಟು, ಒಂದು ಹೆಂಗಸಿನ ಕಥೆ ಹೇಳಲು ಶುರು ಮಾಡುತ್ತಾರೆ.

ಓದಲು ಬಾರದವರು ಇಂಥ ಅಧ್ಯಯನಕ್ಕೆ ಸೇರುವಾಗ ಹೊರಗಿನವರೊಬ್ಬರು ಪಕ್ಕದಲ್ಲಿರಬೇಕು. ಎಲ್ಲವನ್ನೂ ಓದಿ ಹೇಳಿದ್ದಾರೆ, ಕೇಳಿದವರಿಗೆ ತಿಳಿದಿದೆ ಎಂದು ಅವರು ಸಾಕ್ಷಿ ಸಹಿ ಹಾಕಬೇಕು. ನಿಯಮದಲ್ಲಿ ಇರುವುದು ಅಷ್ಟೆ. ಎರಡು ನಿಮಿಷ ಕೂತು ಗೀಚಿ ಎದ್ದು ಹೋದರೆ ಯಾರೂ ಕೇಳುವುದಿಲ್ಲ. ಮುದ್ದು ಅಷ್ಟಕ್ಕೆ ಬಿಡುವವರಲ್ಲ. ಸಿಬ್ಬಂದಿ ಓದಿದ ಮೇಲೆ ತಾವೂ ಮೊದಲಿನಿಂದ ಹೇಳುತ್ತಾರೆ, ಮತ್ತೆ ಪ್ರಶ್ನೆ ಕೇಳುತ್ತಾರೆ. ನಾಲ್ಕು ವರ್ಷಗಳಲ್ಲಿ ಮುನ್ನೂರ ನಲವತ್ತು ಮಂದಿ ಅವರ ಬಾಯಿಂದ ಕೇಳಿದ್ದಾರೆ. ಸಹಿ ಅಥವಾ ಹೆಬ್ಬೆಟ್ಟು ಒತ್ತಿದವರು ಇನ್ನೂರ ಅರವತ್ತೊಂದು. ಉಳಿದವರು ಕೇಳಿ ಎದ್ದು ಹೋದವರು. ಮುದ್ದುವಿಗೆ ಬಸ್ಸಿನ ಖರ್ಚು ಬಿಟ್ಟರೆ ಏನೂ ಸಿಗುವುದಿಲ್ಲ, ಅವರು ಕೇಳಿದ್ದೂ ಇಲ್ಲ.

“ಮುದ್ದಕ್ಕ ಕೂತ ದಿನ ಸೇರುವವರು ಕಡಿಮೆ,” ಎನ್ನುತ್ತಾರೆ ಕೇಂದ್ರದ ಡಾ. ಶಶಿಪ್ರಭಾ. “ಆದ್ರೆ ಸೇರಿದವರು ಅರ್ಧದಲ್ಲಿ ಬಿಟ್ಟು ಹೋಗುದಿಲ್ಲ, ಸುಳ್ಳೂ ಹೇಳುದಿಲ್ಲ.”

ಆ ಹೆಂಗಸಿನ ಕಥೆ ಮುದ್ದುವಿನದೇ. ನಂತೂರು ಜಂಕ್ಷನ್ನಿನ ಪಕ್ಕದಲ್ಲಿ ಗಂಡ ಹೆಂಡತಿ ಇಪ್ಪತ್ತೆರಡು ವರ್ಷ ಗೂಡಂಗಡಿ ಇಟ್ಟಿದ್ದರು. ಲಾರಿಗಳು ಏರಿನಲ್ಲಿ ಗೇರು ಬದಲಿಸುವಾಗ ಬಿಡುವ ಹೊಗೆಯೆಲ್ಲ ಅಂಗಡಿಯ ಒಳಗೇ ಬರುತ್ತಿತ್ತು. ಬೆಳಿಗ್ಗೆ ಒರೆಸಿಟ್ಟ ಬಿಸ್ಕೆಟ್ ಡಬ್ಬಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಇಬ್ಬರಿಗೂ ಕೆಮ್ಮು ಹಿಡಿಯಿತು. ಮುದ್ದುವಿಗೆ ಅಷ್ಟಿಷ್ಟು, ಗಂಡನಿಗೆ ಜೋರು. ಏಳು ವರ್ಷದ ಹಿಂದೆ, ಹೆದ್ದಾರಿ ಬದಿಯಲ್ಲಿ ದುಡಿಯುವವರ ಉಸಿರಿನ ಅಧ್ಯಯನಕ್ಕೆ ಜನ ಬೇಕಾಗಿದೆ ಎಂದು ಕೇಂದ್ರದವರು ಬಂದಾಗ ಇಬ್ಬರೂ ಸೇರಿದರು.

ಒಂದೇ ಮನೆಯ ಇಬ್ಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಆದರೆ ಗಂಡನ ಮತದಾರರ ಚೀಟಿಯಲ್ಲಿ ಇನ್ನೂ ತಾಯಿಮನೆಯ, ಅಂದರೆ ಉಳ್ಳಾಲದ ಅಕ್ಕನ ಮನೆಯ ವಿಳಾಸವೇ ಉಳಿದಿತ್ತು. ತಾಯಿಯ ಕಡೆಯಿಂದ ಮನೆತನ ನಡೆಯುವ ಈ ಕಡೆಯ ಎಷ್ಟೋ ಗಂಡಸರದು ಹಾಗೆಯೇ. ಕಾಗದದಲ್ಲಿ ಅವರು ಉಳ್ಳಾಲದವರು, ಈಕೆ ನಂತೂರಿನವರು. ಗಂಡ ಹೆಂಡತಿ ಎಂದು ಇವರು ಹೇಳಲಿಲ್ಲ, ಹೇಳಿದರೆ ಒಬ್ಬರನ್ನು ಬಿಡುತ್ತಾರೆ ಎಂಬ ಹೆದರಿಕೆ.

ಒಪ್ಪಿಗೆ ಪತ್ರಗಳನ್ನು ಇಬ್ಬರೂ ಮನೆಗೆ ತಂದರು. ಗಂಡನಿಗೆ ಓದು ಬಾರದು, ಹೆಸರು ಗೀಚಲು ಮಾತ್ರ ಬರುತ್ತಿತ್ತು, ಹಾಗಾಗಿ ಸಾಕ್ಷಿಯನ್ನು ಯಾರೂ ಕೇಳಲಿಲ್ಲ. ಏಳನೇ ತರಗತಿ ಓದಿದ್ದ ಮುದ್ದು ಓದಲು ಕುಳಿತರು. “ಮೂರು ಪುಟ ಓದಿದೆ. ‘ಸಾಕು ಮಾರಾಯ್ತಿ, ಸೈನ್ ಎಲ್ಲಿ ಹೇಳು’ ಅಂದ್ರು ನಮ್ಮವರು. ನನಗೂ ಸಾಕಾಗಿತ್ತು.”

ಮುದ್ದು ಗಂಡನ ಹೆಸರು ಹೇಳುವವರಲ್ಲ. ಅವರ ತಾಯಿ ಹೇಳಿದವರಲ್ಲ, ಅಜ್ಜಿಯೂ ಹೇಳಿದವರಲ್ಲ. ಗಂಡ ಸತ್ತು ಆರು ವರ್ಷವಾದರೂ ‘ನಮ್ಮವರು’ ಎಂದೇ ಮಾತು.

ಇಬ್ಬರಿಗೂ ಒಂದೇ ಬಣ್ಣದ ಪಂಪು ಸಿಕ್ಕಿತು. ದಿನಾ ಎರಡು ಸಲ ಬಾಯಿಗೆ ಹಿಡಿದು ಎಳೆದುಕೊಳ್ಳಬೇಕು. ಮೊದಲಿನ ಮದ್ದುಗಳ ಜೊತೆಗೆ ಇದೂ ಒಂದು. ಅರ್ಧ ಜನರ ಪಂಪಿನಲ್ಲಿ ಮದ್ದು, ಇನ್ನರ್ಧ ಜನರದ್ದರಲ್ಲಿ ಮದ್ದಿಲ್ಲದ ಬರೀ ಪುಡಿ. ಯಾರದು ಯಾವುದೆಂದು ಕೊಟ್ಟ ಡಾಕ್ಟರಿಗೂ ಗೊತ್ತಿರುವುದಿಲ್ಲ. ಮೂರು ವಾರ ಕಳೆಯುವಾಗ ಮುದ್ದುವಿಗೆ ಹಗುರ ಅನಿಸತೊಡಗಿತು. ನಂತೂರಿನ ಏರನ್ನು ನಿಲ್ಲದೆ ಹತ್ತಿದರು. ಗಂಡ ಮಾತ್ರ ಮೊದಲಿನ ಹಾಗೆಯೇ ಗೋಡೆ ಹಿಡಿದು ಕೆಮ್ಮುತ್ತಿದ್ದರು. ಮದ್ದು ಬಂದದ್ದು ತಮಗೆ, ಗಂಡನಿಗೆ ಬಂದದ್ದು ಪುಡಿ ಎಂದು ಮುದ್ದು ತಾವೇ ತೀರ್ಮಾನಿಸಿದರು. ಗಂಡ ಬೇಡವೆಂದರು. ಮುದ್ದು ಎರಡು ದಿನ ಊಟ ಬಿಟ್ಟು ಹಟ ಹಿಡಿದು ಪಂಪು ಬದಲಾಯಿಸಿದರು. ಕೇಂದ್ರಕ್ಕೆ ಹೋಗುವ ದಿನ ಮಾತ್ರ ಅವರವರ ನಂಬರಿನ ಪಂಪು ಅವರವರ ಚೀಲಕ್ಕೆ.

“ಬದಲಾಯಿಸಿದ ಮೇಲೆ ಅವರೂ ಆರಾಮ ಉಂಟು ಅಂದ್ರು. ನಿಜ ಹೇಳಿದ್ರೋ, ನನ್ನ ಸಮಾಧಾನಕ್ಕೆ ಹೇಳಿದ್ರೋ, ಇವತ್ತಿಗೂ ಗೊತ್ತಿಲ್ಲ.”

ಐದನೇ ತಿಂಗಳಿಗೆ ಮಳೆ ಹಿಡಿಯಿತು. ಗಂಡನಿಗೆ ಜ್ವರ ಬಂತು, ಎದೆ ಕಟ್ಟಿತು. ಸರಕಾರಿ ಆಸ್ಪತ್ರೆಯಲ್ಲಿ ಆರು ದಿನ ಇದ್ದರು, ಏಳನೆಯ ದಿನ ಇಲ್ಲ.

ಅಧ್ಯಯನ ಮುಗಿದು, ಯಾರಿಗೆ ಯಾವುದು ಸಿಕ್ಕಿತ್ತು ಎಂಬ ಗುಟ್ಟಿನ ಪಟ್ಟಿ ತೆರೆದಾಗ ವರ್ಷ ಕಳೆದಿತ್ತು. ಡಾ. ಶಶಿಪ್ರಭಾ ಒಬ್ಬೊಬ್ಬರನ್ನೇ ಕರೆದು ಹೇಳಿದರು. ಮುದ್ದುವಿನದು ಬರೀ ಪುಡಿ. ಗಂಡನದೆಂದು ಹೇಳದೆ, ನೂರ ಹದಿನೆಂಟನೇ ನಂಬರಿನದು ಎಂತದು ಎಂದು ಕೇಳಿದರು. ಬೇರೆಯವರದು ಹೇಳುವಂತಿಲ್ಲ ಎಂದರು ಡಾಕ್ಟರು. ಆಗ ಮುದ್ದು ಎಲ್ಲವನ್ನೂ ಬಾಯಿಬಿಟ್ಟರು. ಡಾಕ್ಟರು ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿ ಹೇಳಿದರು. ನೂರ ಹದಿನೆಂಟರದು ಮದ್ದು.

ಗಂಡ ಉಳಿಯಲೆಂದು ಕೊಟ್ಟದ್ದು ಪುಡಿ, ಅವರ ಬಾಯಿಂದ ಕಿತ್ತುಕೊಂಡದ್ದು ಮದ್ದು. ಇದಕ್ಕಿಂತ ಕ್ರೂರವಾದದ್ದನ್ನು ಯಾವ ಶತ್ರುವೂ ಮಾಡಲಾರ, ಮುದ್ದು ಮಾಡಿದ್ದು ಪ್ರೀತಿಯಿಂದ.

ಆ ಮದ್ದಿನಿಂದ ಬದುಕುತ್ತಿದ್ದರು ಎಂದು ಯಾರೂ ಹೇಳಲಾರರು, ಅದು ಮಾಡಿದ ವ್ಯತ್ಯಾಸವೇ ಸಣ್ಣದು ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ, ಒಂದು ಸಲ ಅಲ್ಲ, ಹತ್ತು ಸಲ. ಮುದ್ದುವಿನ ಉತ್ತರವೂ ಪ್ರತಿ ಸಲ ಒಂದೇ. “ಬದುಕುತ್ತಿರಲಿಲ್ಲ ಅಂತಲೂ ಹೇಳ್ಲಿಕ್ಕೆ ಆಗುದಿಲ್ಲ ಅಲ್ವಾ, ಡಾಕ್ಟ್ರೇ?”

ಆಮೇಲೆ ಒಂದು ದಿನ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದರು. ಒಂಬತ್ತನೇ ಪುಟದಲ್ಲಿ ಇತ್ತು, ನಿಮ್ಮ ಮದ್ದನ್ನು ಮನೆಯವರೂ ಸೇರಿದಂತೆ ಯಾರಿಗೂ ಕೊಡಬಾರದು ಎಂದು. ಮರುವಾರ ಯಾರೂ ಕರೆಯದೆ ಬಂದು ಈ ಬೆಂಚಿನಲ್ಲಿ ಕುಳಿತರು. ಸಾಕ್ಷಿಯಾಗಿ ಕೂರುತ್ತೀರಾ ಎಂದು ಕೇಂದ್ರದವರು ಕೇಳಿದ್ದು ಆಮೇಲೆ.

ಅಧ್ಯಯನದ ವರದಿ ಹೊರದೇಶದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದಿದೆ. ಅದರ ಒಂದು ಪುಟದ ನಕಲು ಮುದ್ದುವಿನ ಕೈಚೀಲದಲ್ಲಿದೆ. ನಿಯಮ ಪಾಲಿಸದ ಕಾರಣ ಏಳು ಮಂದಿಯನ್ನು ಲೆಕ್ಕದಿಂದ ಬಿಡಲಾಗಿದೆ ಎಂಬ ಇಂಗ್ಲಿಷ್ ಸಾಲಿಗೆ ಡಾಕ್ಟರಿಂದ ಪೆನ್ಸಿಲಿನ ಗೆರೆ ಹಾಕಿಸಿಕೊಂಡಿದ್ದಾರೆ. ಆ ಏಳರಲ್ಲಿ ಇಬ್ಬರು ಇವರ ಮನೆಯವರು.

ಬೆಂಚಿನ ಕಥೆ ಮುಗಿದಾಗ ನಬೀಸಾರ ಮುಖದಲ್ಲಿ ನಗು ಇಲ್ಲ. ಇವತ್ತು ಸಹಿ ಬೇಡ, ತಂಗಿಯನ್ನೂ ಕರೆದುಕೊಂಡು ಬಂದು ಅವಳ ಎದುರೇ ಇನ್ನೊಮ್ಮೆ ಕೇಳುತ್ತೇನೆ ಎಂದು ಎದ್ದು ನಿಲ್ಲುತ್ತಾರೆ. ಆ ಹೆಂಗಸು ಈಗ ಎಲ್ಲಿದ್ದಾಳೆ ಎಂದೂ ಕೇಳುತ್ತಾರೆ. ಇಲ್ಲೇ ಎಲ್ಲೋ ಇದ್ದಾಳೆ ಎನ್ನುತ್ತಾರೆ ಮುದ್ದು.

ಈ ಲೇಖನದಲ್ಲಿ ಹೆಸರುಗಳನ್ನು ಬದಲಿಸೋಣ ಎಂದು ನಾನು ಹೇಳಿದಾಗ ಮುದ್ದು ಕನ್ನಡಕ ಮಡಚಿ ಕೈಚೀಲಕ್ಕೆ ಹಾಕುತ್ತಾರೆ. ಉಳ್ಳಾಲದ ಅತ್ತಿಗೆಗೆ, ಅಂದರೆ ಗಂಡನ ಅಕ್ಕನಿಗೆ, ಎಪ್ಪತ್ತಾರು ವರ್ಷ. ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ತಮ್ಮನಿಗೆ ಮೀನಿನ ದೊಡ್ಡ ತುಂಡು ಇಡುವುದು ಆಕೆಯೇ, ಪಕ್ಕದಲ್ಲಿ ನಿಂತು ನೀರು ಬಿಡುವುದು ಮುದ್ದು. ಪಂಪಿನ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪೇಪರಿನಲ್ಲಿ ಬಂದರೆ ಭಾನುವಾರ ಬೆಳಿಗ್ಗೆಯೇ ಯಾರಾದರೂ ಓದಿ ಹೇಳುತ್ತಾರೆ. ಆ ಮನೆಯ ಬಾಗಿಲು ಮತ್ತೆ ತೆರೆಯದಿರಬಹುದು, ಅದು ಮುದ್ದುವಿಗೆ ಗೊತ್ತು. ಒಂದು ಸಲ ಕೆಮ್ಮಿ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾರೆ.

“ಬದಲಿಸ್ಬೇಡಿ. ಆ ಇಂಗ್ಲಿಷಿನವರ ಪುಸ್ತಕದಲ್ಲಿ ನಮ್ಮವರಿಗೆ ಒಂದು ನಂಬರ್ ಸಹ ಇಲ್ಲ. ನಿಮ್ಮ ಪೇಪರಲ್ಲಿ ಸರಿಯಾಗಿ ಹಾಕಿ. ನಾನೇ ಹೇಳ್ತೇನೆ, ಬರ್ಕೊಳ್ಳಿ.” ಮತ್ತೆ ಉಸಿರು ಕೂಡಿಸಿಕೊಂಡು, ಮದುವೆಯಾದಂದಿನಿಂದ ನಾಲಗೆಗೆ ಬಾರದ ಹೆಸರನ್ನು ಹೇಳುತ್ತಾರೆ. “ಬೋಜ. ಬೋಜ ಪೂಜಾರಿ. ನಂತೂರಿನ ಅಂಗಡಿಯ ಬೋಜ.”