ನಾನೇ ಬರೆದಿದ್ದ ಸಾಲು

ನಂಜನಗೂಡಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಟಿ. ನರಸೀಪುರದ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್‌ಗಳನ್ನೂ ಬಹಳ ವರ್ಷದಿಂದ ನಾನೇ ನೋಡಿಕೊಳ್ಳುತ್ತೇನೆ. ಅದನ್ನು ನಡೆಸುವವರನ್ನು ಅಕ್ಕ ಎನ್ನುತ್ತೇನೆ. ಗಂಡ ಹೋದ ಮೇಲೆ ಕ್ಯಾಮೆರಾ ಹಿಡಿದವರು. ಅಲ್ಲಿ ತೆಗೆದ ಫೋಟೋಗಳೆಲ್ಲ ಮೂಲೆಯ ಸರ್ವರ್‌ನಲ್ಲಿರುತ್ತವೆ. ಮೇಜಿನ ಮೇಲಿನ ಕಂಪ್ಯೂಟರ್‌ಗಳಲ್ಲಿ ಅವನ್ನು ತೆರೆದು ನೋಡುತ್ತಾರೆ.

ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. "ಹಳೇ ಕಂಪ್ಯೂಟರ್ ಕೆಟ್ಟೋಯ್ತು, ಹೊಸದು ತಂದಿವ್ನಿ. ಅದ್ರಲ್ಲಿ ಒಂದು ಫೋಟೋನೂ ಕಾಣ್ತಿಲ್ಲ ಕಣಪ್ಪ. ಇವತ್ತೇ ಬಾ."

ಬಸ್ಸಿಳಿದು ಸ್ಟುಡಿಯೋಗೆ ಹೋದಾಗ ಬೆಂಚಿನ ಮೇಲೆ ಮುಡುಕುತೊರೆ ಕಡೆಯ ರೈತರೊಬ್ಬರು ಕೂತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳ ಮದುವೆಯಲ್ಲಿ ಅಕ್ಕ ತೆಗೆದಿದ್ದ ಹೆಂಡತಿಯ ಫೋಟೋ ಬೇಕಿತ್ತು. ಮನೆಯ ಆಲ್ಬಮ್ಮಿಗೆ ಗೆದ್ದಲು ಹಿಡಿದಿತ್ತಂತೆ.

"ನಾಳೆ ತಿಥಿ ಸಾ. ಪಟ ಇಲ್ದೆ ಎಂಗೆ ಪೂಜೆ ಮಾಡದು?" ಎಂದರು.

"ತೆಗೆದೇ ಕೊಡ್ತೀನಿ, ಕೂತಿರಿ" ಎಂದುಬಿಟ್ಟೆ. ಹೇಳಿದ ಮೇಲೆ ಹಿಂದೆ ಸರಿಯುವ ಮಾತಿರಲಿಲ್ಲ.

ಕೇಬಲ್ ಬದಲಿಸಿದೆ. ಸರ್ವರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಹೊಸ ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ. ಒಳಗಿದ್ದ ಇನ್ನೊಂದು ಹಳೆಯ ಕಂಪ್ಯೂಟರ್‌ನಲ್ಲಿ ಮಾತ್ರ ಸರ್ವರ್‌ನ ಫೋಲ್ಡರ್‌ಗಳೆಲ್ಲ ಕಾಣುತ್ತಿದ್ದವು. ಅದರ ಪರದೆಯ ಅರ್ಧ ಕಪ್ಪಾಗಿತ್ತು, ಫೋಟೋ ತೆರೆದರೆ ನಿಂತೇ ಹೋಗುತ್ತಿತ್ತು. ಆದರೂ ಒಂದು ವಿಷಯ ಖಾತ್ರಿಯಾಯಿತು: ಸರ್ವರ್ ಕೆಟ್ಟಿಲ್ಲ, ಹಳೆಯ ಸರ್ವರ್‌ಗೂ ಹೊಸ ಕಂಪ್ಯೂಟರ್‌ಗೂ ಹೊಂದಿಕೆಯಾಗುತ್ತಿಲ್ಲ.

"ಮೈಸೂರಿಂದ ಯಾರನ್ನಾದ್ರೂ ಕರೆಸ್ಲಾ?" ಅಕ್ಕ ಮೆಲ್ಲಗೆ ಕೇಳಿದರು.

"ಬೇಡ ಅಕ್ಕ. ಇನ್ನೊಂದು ಸ್ವಲ್ಪ ಹೊತ್ತು ಕೊಡಿ."

ಸರ್ವರ್‌ನ ಸೆಟ್ಟಿಂಗ್ ಫೈಲನ್ನು ತೆರೆದು ಮೇಲಿನಿಂದ ಒಂದೊಂದೇ ಸಾಲು ಓದುತ್ತ ಬಂದೆ. ನಡುವೆ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಹಳೇ ಪದ್ಧತಿಯಲ್ಲಷ್ಟೇ ಮಾತಾಡು ಎಂದು ಅದು ಸರ್ವರ್‌ಗೆ ಕಟ್ಟಪ್ಪಣೆ ಮಾಡಿತ್ತು. ಆ ಪದ್ಧತಿ ಸುರಕ್ಷಿತವಲ್ಲದ್ದರಿಂದ ಹೊಸ ಕಂಪ್ಯೂಟರ್‌ಗಳು ಅದನ್ನು ಒಪ್ಪುವುದೇ ಇಲ್ಲ. ಆ ಸಾಲು ಬರೆದವನು ನಾನೇ. ಹಿಂದೊಮ್ಮೆ ದೊಡ್ಡ ಫೈಲುಗಳು ಅರ್ಧಕ್ಕೇ ನಿಲ್ಲುತ್ತಿದ್ದಾಗ, ಸದ್ಯಕ್ಕಿರಲಿ ಎಂದು ಹಾಕಿ ಮರೆತುಬಿಟ್ಟಿದ್ದೆ.

ಸುಮ್ಮನೆ ಅಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಅಕ್ಕ, ತಪ್ಪು ನಂದೇ" ಎಂದು ಇದ್ದದ್ದನ್ನು ಹೇಳಿದೆ.

"ಸರಿ, ಈಗ ತೆಗಿ ಮತ್ತೆ" ಎಂದರು ಅಕ್ಕ, ಅಷ್ಟೇ.

ಸಾಲು ತೆಗೆದೆ. ಹೊಸ ಕಂಪ್ಯೂಟರ್‌ನಲ್ಲಿ ಸರ್ವರ್‌ನ ಹೆಸರು ಕಾಣಿಸಿತು, ಒಳಗಿನ ಫೋಲ್ಡರ್‌ಗಳು ಮಾತ್ರ ತೆರೆಯಲಿಲ್ಲ. ಇಷ್ಟು ವರ್ಷ ಪಾಸ್‌ವರ್ಡ್ ಇಲ್ಲದೆ ಎಲ್ಲರೂ ಒಳಹೋಗುತ್ತಿದ್ದರು. ಹೊಸ ಕಂಪ್ಯೂಟರ್‌ಗೆ ಅದೂ ಸಮ್ಮತವಿಲ್ಲ. ಅಕ್ಕನ ಹೆಸರಿನಲ್ಲಿ ಒಂದು ಖಾತೆ ತೆರೆದು, ಪಾಸ್‌ವರ್ಡನ್ನು ಅವರ ಕೈಯಲ್ಲೇ ಟೈಪ್ ಮಾಡಿಸಿದೆ. ಫೋಲ್ಡರ್‌ಗಳು ಸಾಲಾಗಿ ಬಂದವು.

ಮದುವೆಯ ಫೋಲ್ಡರಿನಲ್ಲಿ ಹುಡುಕುವಾಗ ರೈತರು ನನ್ನ ಹಿಂದೆ ಬಂದು ನಿಂತರು. "ಇವ್ಳೇ" ಎಂದರು. ಹಸಿರು ಸೀರೆ ಉಟ್ಟು, ಯಾರನ್ನೋ ಊಟಕ್ಕೆ ಕರೆಯುತ್ತಿದ್ದ ಹೆಂಗಸು. ಅಕ್ಕ ಸುತ್ತಲಿನವರನ್ನು ತೆಗೆದು, ಮುಖ ದೊಡ್ಡದು ಮಾಡಿ ಪ್ರಿಂಟ್ ಹಾಕಿದರು. ರೈತರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು.

ನಾನು ಹೊರಡಲಿಲ್ಲ. ಅಂಗಡಿಯ ಒಂದು ನೋಟ್‌ಬುಕ್ ಕೇಳಿ, ಅಂದು ಏನೇನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ಬಿಡಿಸಿ ಬರೆದಿಟ್ಟೆ.