ಒಂದು ಹೆಜ್ಜೆ ಹಿಂದೆ, ಒಂಬತ್ತು ಮುಖ

2024ರ ಆಗಸ್ಟ್ 11, ಭಾನುವಾರ, ಬೆಳಿಗ್ಗೆ 6 ಗಂಟೆ 20 ನಿಮಿಷ. ಯಲಿಯೂರಿನ ಗದ್ದೆಯೊಂದರಲ್ಲಿ ವನಜಾ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರಿನಲ್ಲಿ ನಿಂತಿದ್ದಾರೆ. ಎಡಗೈ ಕ್ಯಾಮೆರಾದ ಚರ್ಮದ ಪಟ್ಟಿಯೊಳಗೆ ತೂರಿದೆ. ಬಲಗಣ್ಣು ಅದರ ಪಕ್ಕದ ಪುಟ್ಟ ಕಿಂಡಿಗೆ ಅಂಟಿದೆ. ಎದುರಿಗೆ ಒಂಬತ್ತು ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಪೈರು ನೆಡುತ್ತಿದ್ದಾರೆ.

ಕ್ಯಾಮೆರಾದ ಮುಂಭಾಗದ ಮಡಿಕೆ ಮಡಿಕೆ ತಿದಿಯನ್ನು ನೋಡಿ ಆಳುಗಳ ಮುಂದಾಳು ಮರಿತಾಯಮ್ಮನಿಗೆ ನಗು. "ಏನ್ ವನಜವ್ವ, ಪೋಟೊ ಇಡೀತೀಯಾ, ಇಲ್ಲ ಆರ್ಮೋನಿ ನುಡಿಸ್ತೀಯಾ?"

"ನೀನ್ ಪದ ಎತ್ತಕ್ಕ, ನುಡಿಸಾನ."

ಹಲಗೂರಿನ ಬಸ್ ನಿಲ್ದಾಣದ ಹತ್ತಿರ ಪುಟ್ಟ ಸ್ಟುಡಿಯೊ ಇಟ್ಟಿರುವ ವನಜಾ ಅವರಿಗೆ ನಲವತ್ತಾರು ವರ್ಷ. ದಿನವಿಡೀ ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೊಗಳನ್ನು ಡಿಜಿಟಲ್ ಕ್ಯಾಮೆರಾದಲ್ಲೇ ತೆಗೆಯುತ್ತಾರೆ. ಆ ದುಡಿಮೆಯಲ್ಲಿ ಉಳಿದದ್ದು ಈ ಎರಡೂವರೆ ಕಿಲೋ ಭಾರದ ಹಳೆಯ ಯಂತ್ರದ ಹೊಟ್ಟೆಗೆ ಹೋಗುತ್ತದೆ. ಸೋದರಮಾವ ಲಿಂಗಯ್ಯ ಬಿಟ್ಟುಹೋದ ಕ್ಯಾಮೆರಾ ಇದು. ಒಂದು ಸಲಕ್ಕೆ ಒಂದೇ ಫಿಲಂ ಹಾಳೆ, ಅದೂ ನಾಲ್ಕು ಇಂಚಿಗೆ ಐದು ಇಂಚು. ಫಿಲಂ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರಬೇಕು, ಬಂದರೆ ಬಂತು. ಇವತ್ತು ಉಳಿದಿರುವುದು ಎರಡೇ ಹಾಳೆ.

"ಗಂಡುಸ್ರು ಎತ್ತೋ ಸಾಮಾನು ಅಂತಿದ್ರು ಎಲ್ರೂವೆ. ಬಿಂದ್ಗೆ ಎತ್ತಿದ್ ಸೊಂಟ ನಮ್ದು, ಇದ್ಯಾವ್ ಲೆಕ್ಕ?" ಎನ್ನುತ್ತಾರೆ ವನಜಾ.

ಈ ಫೋಟೊ ಮರಿತಾಯಮ್ಮನ ಆಸೆ. ಒಂಬತ್ತು ಜನರೂ ಒಟ್ಟಿಗೆ ನೆಡುವ ಕೊನೆಯ ಗದ್ದೆ ಇದು. ಮುಂದಿನ ಮುಂಗಾರಿಗೆ ಇಲ್ಲಿ ನಾಟಿ ಯಂತ್ರ ಇಳಿಯಲಿದೆ. ಹೆಂಗಸರ ಸಂಘದ ಗೋಡೆಗೆ ನಾಲ್ಕಡಿ ಅಗಲದ ಚಿತ್ರ ಬೇಕು. "ಮೊಬೈಲಲ್ಲಿ ಇಡುದ್ರೆ ನಾವು ಇರುವೆ ಸಾಲು ಕಣವ್ವ. ದೊಡ್ದು ಮಾಡುದ್ರೆ ಮೂತಿ ಎಲ್ಲಾ ಕಲಸೋಯ್ತದೆ. ಇವಳ್ಯಾರು ಅಂತ ಯಾರೂ ಕೇಳ್ಬಾರ್ದು, ನೋಡುದ್ರೇ ಗುರ್ತು ಸಿಕ್ಬೇಕು."

ದೊಡ್ಡ ಫಿಲಂಗೆ ಆ ಶಕ್ತಿ ಇದೆ. ಆದರೆ ಕ್ಯಾಮೆರಾವನ್ನು ಕೈಯಲ್ಲೇ ಹಿಡಿಯಬೇಕು. ಮೂರು ಕಾಲಿನ ಸ್ಟ್ಯಾಂಡ್ ಊರಿದರೆ ಕೆಸರಿನಲ್ಲಿ ಹೂತುಹೋಗುತ್ತದೆ, ಆಗಷ್ಟೇ ನೆಟ್ಟ ಪೈರನ್ನೂ ಮುರಿಯುತ್ತದೆ. ವನಜಾ ನಿಲ್ಲಲೆಂದೇ ಮರಿತಾಯಮ್ಮ ಒಂದು ಮೊಳ ಜಾಗ ನೆಡದೆ ಬಿಟ್ಟಿದ್ದಾರೆ.

ಕಿಂಡಿಯಲ್ಲಿ ಮರಿತಾಯಮ್ಮ ಇಬ್ಬರಾಗಿ ಕಾಣುತ್ತಾರೆ. ಗುಂಡಿ ತಿರುಗಿಸುತ್ತ ಹೋದರೆ ಲೆನ್ಸ್ ಜರುಗಿ, ಎರಡು ಬಿಂಬ ಹತ್ತಿರವಾಗಿ ಒಂದಾಗುತ್ತವೆ. ಒಂದಾದ ಆ ಕ್ಷಣ ದೂರ ಸರಿಯಾಗಿದೆ ಎಂದರ್ಥ. ಮೋಡದ ಬೆಳಕಾದ್ದರಿಂದ ಲೆನ್ಸ್ ಪೂರ್ತಿ ತೆರೆದಿದೆ. ದೂರ ಒಂದು ಹೆಜ್ಜೆ ತಪ್ಪಿದರೂ ದೊಡ್ಡ ಚಿತ್ರದಲ್ಲಿ ಮುಖ ಮಸುಕು.

ವನಜಾ ಬಿಂಬ ಕೂಡಿಸಿ, ಫಿಲಂ ಮುಚ್ಚಿದ ಕಪ್ಪು ತಗಡು ಎಳೆದು ಕೂಗುತ್ತಾರೆ: "ಎದ್ದು ನಿಂತ್ಕಳ್ರಕ್ಕಾ!" ಒಂಬತ್ತು ಜನ ನೆಟ್ಟಗಾಗುತ್ತಾರೆ. ಟಿಕ್.

ಒತ್ತಿದ ಬೆರಳು ತೆಗೆಯುವ ಮುನ್ನವೇ ಕಿಂಡಿಯಲ್ಲಿ ಬಿಂಬ ಮತ್ತೆ ಎರಡಾದದ್ದು ಅವರಿಗೆ ಗೊತ್ತಾಗುತ್ತದೆ. "ಅಯ್ಯೋ, ಇಂದಕ್ ಓದ್ರಲ್ಲಕ್ಕಾ!"

"ನಾವೆಲ್ಲವ್ವ ಓದೋ? ನಿಂತ್ಕಳಿ ಅಂದೆ, ನಿಂತ್ಕಂಡೋ!"

"ಒಂದೆಜ್ಜೆ ಇಂದಕ್ ಇಟ್ಟು ನಿಂತ್ಕಂಡ್ರಿ!"

ಒಂಬತ್ತು ಜನರೂ ತಮ್ಮ ಕಾಲು ನೋಡಿಕೊಳ್ಳುತ್ತಾರೆ. ನಿಜ. ನಾಟಿ ಮಾಡುವವರು ನೆಟ್ಟದ್ದನ್ನು ತುಳಿಯದಂತೆ ಹಿಂದೆ ಹಿಂದೆ ಸರಿಯುತ್ತಾರೆ. ಸೊಂಟ ಎತ್ತಿದೊಡನೆ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ. "ಹುಟ್ಟಿದ್ ಲಾಗಾಯ್ತು ಇದೇ ಆಯ್ತಲ್ಲವ್ವ, ಈಗ ನೆಟ್ಟಗ್ ನಿಂತ್ಕ ಅಂದ್ರೆ ಕಾಲು ಕೇಳ್ತದಾ?" ಎಂದು ಮರಿತಾಯಮ್ಮ ನಗುತ್ತಾರೆ. ನಗು ಸಾಲಿನುದ್ದಕ್ಕೂ ಹರಿಯುತ್ತದೆ. ವನಜಾ ಮಾತ್ರ ನಗುವುದಿಲ್ಲ. ಉಳಿದಿರುವುದು ಒಂದೇ ಹಾಳೆ. ಗದ್ದೆಯೂ ಮುಗಿಯುತ್ತ ಬಂದಿದೆ.

ಎರಡು ಬದಿಗೂ ಒಂದೊಂದು ಹಾಳೆ ಕೂರಿಸಿದ ಫಿಲಂ ಚೌಕಟ್ಟನ್ನು ತಿರುವಿ ಹಾಕುತ್ತ ಅವರು ಕ್ಷಣ ಯೋಚಿಸುತ್ತಾರೆ. "ಅಂಗಾದ್ರೆ ಕಾಲು ಹೇಳ್ದಂಗೆ ಕೇಳಿ. ಮರಿತಾಯಕ್ಕ, ನೀನು ಕೂಗು. ಎಲ್ರೂ ಒಂದೆಜ್ಜೆ ಇಂದಕ್ ಇಟ್ಟು, ಎದ್ದು, ನನ್ ಕಡಿಕೆ ನೋಡಿ."

ಹೆಂಗಸರು ಮತ್ತೆ ಬಗ್ಗುತ್ತಾರೆ. ಈ ಸಲ ವನಜಾ ಬಿಂಬ ಕೂಡಿಸಿದ ಮೇಲೆ ಗುಂಡಿಯನ್ನು ಬೇಕೆಂದೇ ಕೂದಲೆಳೆಯಷ್ಟು ದೂರಕ್ಕೆ ತಿರುಗಿಸುತ್ತಾರೆ. ಕಿಂಡಿಯಲ್ಲಿ ಮರಿತಾಯಮ್ಮನ ಮೂಗುಬೊಟ್ಟು ಎರಡಾಗುತ್ತದೆ. ಆ ಹೆಂಗಸರು ಈಗ ಎಲ್ಲಿದ್ದಾರೋ ಅಲ್ಲಿಗಲ್ಲ, ಮುಂದೆ ಎಲ್ಲಿ ನಿಲ್ಲುತ್ತಾರೋ ಅಲ್ಲಿಗೆ ಗುರಿ. ತಗಡು ಎಳೆಯುತ್ತಾರೆ. ಉಸಿರು ಬಿಗಿಹಿಡಿಯುತ್ತಾರೆ.

"ಇಂದಕ್ಕೆ!"

ಒಂಬತ್ತು ಜೊತೆ ಕಾಲು ಕೆಸರಿನಿಂದ ಒಟ್ಟಿಗೆ ಮೇಲೇಳುತ್ತವೆ. ಒಂಬತ್ತು ಮುಖ ಎತ್ತಿ ನೋಡುತ್ತವೆ. ಎರಡು ಮೂಗುಬೊಟ್ಟು ಜಾರಿ ಬಂದು ಒಂದರ ಮೇಲೊಂದು ಕೂರುತ್ತವೆ. ಟಿಕ್.

"ಬಂತು!" ಎಂದು ವನಜಾ ಕಿರುಚಿದ್ದಕ್ಕೆ ಬದುವಿನ ಮೇಲಿದ್ದ ಬೆಳ್ಳಕ್ಕಿಗಳು ಹಾರುತ್ತವೆ. ಅವರು ಪೈರಿನ ಸಂದಿಯಲ್ಲಿ ಕಾಲಿಟ್ಟು ದಡ ಸೇರಿದ ಮೇಲೆ, ಮರಿತಾಯಮ್ಮ ಬಿಟ್ಟಿದ್ದ ಆ ಒಂದು ಮೊಳವನ್ನೂ ನೆಟ್ಟು ಮುಗಿಸುತ್ತಾರೆ.

ಮಧ್ಯಾಹ್ನ ಹಲಗೂರಿನ ಸ್ಟುಡಿಯೊ ಹಿಂದಿನ, ಕಂಬಳಿ ಹೊದಿಸಿ ಕತ್ತಲು ಮಾಡಿದ ಕೋಣೆಯಿಂದ ಹಾಳೆ ತೊಳೆದು ಹೊರತಂದಾಗಲೇ ಫೋನ್ ಬಡಿದುಕೊಳ್ಳುತ್ತದೆ. ಅತ್ತ ಮರಿತಾಯಮ್ಮ.

"ಗುರ್ತು ಸಿಕ್ತದಾ ನಂದು?"

"ಮೂಗ್‌ಬೊಟ್ಟೂ ಕಾಣ್ತದೆ ಕಣಕ್ಕ. ಒಂಬತ್ತೂ ಜನ್ರೂ ಗುರ್ತು ಸಿಕ್ತೀರಿ."

"ಅಷ್ಟಾದ್ರೆ ಸಾಕು ಬುಡವ್ವ."

ಫೋನಿಟ್ಟ ವನಜಾ ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡುತ್ತಾರೆ. ಒದ್ದೆ ನೆಗೆಟಿವ್ ಮೇಲಿನಿಂದ ಅಳತೆಪಟ್ಟಿ ಹಿಡಿಯುತ್ತಾರೆ. ಮರಿತಾಯಮ್ಮನ ಮುಖ, ಹಣೆಯಿಂದ ಗಲ್ಲದವರೆಗೆ, ನಾಲ್ಕು ಮಿಲಿಮೀಟರ್. ಸಂಘದ ಗೋಡೆಯ ನಾಲ್ಕಡಿ ಚಿತ್ರದಲ್ಲಿ ಅದು ಸುಮಾರು ನಾಲ್ಕು ಸೆಂಟಿಮೀಟರ್.