ಎರಡನೇ ಟೇಬಲ್ಲಿನ ಸ್ಕ್ರೀನು

2023ರಲ್ಲಿ ನಾನು ಮಂಡ್ಯದ ಒಂದು ಕಂಪ್ಯೂಟರ್ ಸರ್ವೀಸ್ ಅಂಗಡಿಯಲ್ಲಿ ಸೀನಿಯರ್ ಟೆಕ್ನಿಷಿಯನ್. ಜೂನಿಯರ್ ಯಾರೂ ಇರಲಿಲ್ಲ, ಆ ಮಾತು ಬೇರೆ. ಗಿರಾಕಿಗಳ ದನಿ ಅನುಕರಿಸುವುದು ನನ್ನ ಅಸಲಿ ಕಸುಬು, ರಿಪೇರಿ ಉಪಕಸುಬು.

ಮದ್ದೂರಿನ ಒಂದು ಸಣ್ಣ ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಎರಡು ಟೇಬಲ್, ಒಂದೊಂದರ ಮೇಲೂ ಒಂದು ಸ್ಕ್ರೀನು, ಎರಡಕ್ಕೂ ಸೇರಿ ಒಂದೇ ಲಿನಕ್ಸ್ ಕಂಪ್ಯೂಟರ್. ಆಯಾ ಟೇಬಲ್ಲಿನಲ್ಲಿ ಮಲಗಿರುವವರ ಹೆಸರು, ಕಣ್ಣೊಳಗೆ ಕೂರಿಸಬೇಕಾದ ಲೆನ್ಸಿನ ಪವರ್ ಆಯಾ ಸ್ಕ್ರೀನಿನಲ್ಲಿ ಕಾಣಬೇಕು. ಅದನ್ನು ಹೊಂದಿಸುವ ಕೆಲಸ ನನಗೆ ಬಂತು. ಯಾವ ಸ್ಕ್ರೀನಿಗೆ ಯಾವ ಚಿತ್ರ ಎಂದು ಹಂಚುವ ತಂತ್ರಾಂಶವೇ ಕಂಪೋಸಿಟರ್. ಅದಕ್ಕೆ ಪ್ರೋಟೋಕಾಲ್ ಎಂಬ ನಿಗದಿತ ನಮೂನೆಯಲ್ಲಿ ಅರ್ಜಿ ಹಾಕಬೇಕು: ಈ ಸ್ಕ್ರೀನು ಎಡಕ್ಕೆ, ಅದು ಬಲಕ್ಕೆ, ಸೈಜು ಇಷ್ಟು. ಒಪ್ಪಿಗೆಯಾದರೆ ‘ಸಕ್ಸೀಡೆಡ್’ ಎನ್ನುತ್ತದೆ. ಅರ್ಜಿಯಲ್ಲಿ ಸ್ಕ್ರೀನನ್ನು ಅದರ ಸೀರಿಯಲ್ ನಂಬರಿನಿಂದ ಗುರುತಿಸಬಹುದು, ಇಲ್ಲವೇ ಕೇಬಲ್ ಚುಚ್ಚಿದ ಪೋರ್ಟಿನ ಹೆಸರಿನಿಂದ. ಸೀರಿಯಲ್ ನಂಬರು ಉದ್ದ. ನಾನು ಪೋರ್ಟಿನ ಹೆಸರು ಬರೆದು ಟೀ ಕುಡಿಯಲು ಹೋದೆ.

ಆಯುಧಪೂಜೆಗೆ ಆಸ್ಪತ್ರೆಯ ಅಟೆಂಡರ್ ನಿಂಗರಾಜಣ್ಣ ಕೇಬಲ್ಲುಗಳನ್ನೆಲ್ಲ ಕಿತ್ತು, ಸ್ಕ್ರೀನು ಒರೆಸಿ, ಕುಂಕುಮ ಇಟ್ಟು ನನಗೆ ಫೋನ್ ಮಾಡಿದ. “ಯಾವ ವೈರು ಯಾವ ತೂತ್ಗಾಕಾನ್ಲಾ?”

ನಾನು ಅವನದೇ ದನಿಯಲ್ಲಿ, “ಯಾವುದ್ಕಾರ ಆಕಣ್ಣೋ, ಚಿತ್ರ ಬತ್ತದೆ ಬುಡು” ಅಂದೆ. ನಕ್ಕ. ಹಾಕಿದ. ಚಿತ್ರ ಬಂತು.

ರಜೆ ಮುಗಿದ ಬುಧವಾರ ಆಸ್ಪತ್ರೆಯ ಪ್ರಿಂಟರ್ ನೋಡಲು ಹೋಗಿ ಥಿಯೇಟರಿನ ಗಾಜಿನ ಕಿಂಡಿಯ ಹೊರಗೆ ಕೂತಿದ್ದೆ. ಮೊದಲ ಆಪರೇಷನ್ ಎರಡನೇ ಟೇಬಲ್ಲಿನಲ್ಲಿ, ಕೊಕ್ಕರೆ ಬೆಳ್ಳೂರಿನ ಸಾಕಮ್ಮಜ್ಜಿಗೆ. ಪೊರೆ ತೆಗೆದಾಗಿತ್ತು.

“ಲೆನ್ಸ್ ಎಷ್ಟು ಸಿಸ್ಟರ್?” ಡಾಕ್ಟರಮ್ಮ ಕೇಳಿದರು.

ಸಿಸ್ಟರ್ ಸ್ಕ್ರೀನು ನೋಡಿ, “ಹದಿನೆಂಟು ಮೇಡಂ.”

ಹಸಿರು ಬಟ್ಟೆಯಡಿಯಿಂದ ಅಜ್ಜಿ ದನಿ ಬಂತು: “ಅದ್ನೆಂಟಲ್ಲ ಕಣವ್ವ! ನಂದು ಇಪ್ಪತ್ತೊಂದೂವರೆ.”

“ಅಲ್ಲಾಡಬೇಡಿ ಅಜ್ಜಿ. ಯಾರು ಹೇಳಿದ್ದು?”

“ಅಳ್ತೆ ತಗಂಡ ಉಡ್ಗಿ. ನಂಗ್ ಓದಕ್ ಬರಾಕಿಲ್ಲ. ಕೇಳಿದ್ದ ಮರ‍್ಯಾಕಿಲ್ಲ.”

ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು. ಕೇಸ್ ಶೀಟ್ ತರಿಸಿದರು: 21.5. ಕೇಬಲ್ ಅದಲುಬದಲಾಗಿ ಸ್ಕ್ರೀನಿನಲ್ಲಿ ಇದ್ದದ್ದು ಪಕ್ಕದ ಟೇಬಲ್ಲಿನಲ್ಲಿ ಕಾಯುತ್ತಿದ್ದ ಜಯಮ್ಮನ ನಂಬರು. ಹೆಸರೂ ಇತ್ತು, ಇರುವೆ ಗಾತ್ರದಲ್ಲಿ. ನಂಬರು ಮಾತ್ರ ಆನೆ ಗಾತ್ರ. ಆ ವಿನ್ಯಾಸವೂ ಈ ಮಹಾಶಯನದೇ.

ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರಮ್ಮ, “ಕೇಬಲ್ ಮುಟ್ಟಿದ್ದು ಯಾರು?” ಅಂದರು.

“ನಾನೇ ಮೇಡಂ.” ನಿಂಗರಾಜಣ್ಣ ಮುಂದೆ ಬಂದ.

ಹತ್ತು ಜನರ ದನಿ ತೆಗೆಯುವವನು ನಾನು. ಈಗ ನನ್ನದೇ ದನಿಯಲ್ಲಿ, “ಎಲ್ಲಿ ಹಾಕಿದ್ರೂ ಆಗುತ್ತೆ ಅಂದೋನು ನಾನು ಮೇಡಂ” ಅಂದೆ.

“ಅಜ್ಜಿ ಸುಮ್ಮನಿದ್ದಿದ್ರೆ ಅದೇ ಕಣ್ಣನ್ನ ಮತ್ತೆ ಕುಯ್ಯಬೇಕಿತ್ತು. ಗೊತ್ತಾ?”

ಕಂಪ್ಯೂಟರಿನ ದಿನಚರಿಯಾದ ಲಾಗ್ ತೆಗೆದು ನೋಡಿದೆ. ಒಂದಾದರೂ ಎರರ್ ಸಿಗಲಿ ಎಂದು ಹುಡುಕಿದೆ. ಇರಲಿಲ್ಲ. ಸಾಲುಸಾಲಾಗಿ ‘ಸಕ್ಸೀಡೆಡ್’. ಕಂಪೋಸಿಟರ್ ನಾನು ಹೇಳಿದ್ದನ್ನು ಅಕ್ಷರಶಃ ಮಾಡಿತ್ತು. ಹೇಳಿದ್ದು ಸರಿಯಾ ಎಂದು ನೋಡುವುದು ಅದರ ಕೆಲಸವಲ್ಲ, ನನ್ನದು. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ.

ಸೀರಿಯಲ್ ನಂಬರು ಹಾಕಿ ಅರ್ಜಿಯನ್ನು ಹೊಸದಾಗಿ ಬರೆದೆ, ಹೆಸರನ್ನು ದಪ್ಪ ಮಾಡಿದೆ. ಕೇಬಲ್ಲುಗಳನ್ನು ಅದಲುಬದಲು ಮಾಡಿ ಮಾಡಿ ನೋಡಿದೆ. ಪ್ರತಿಸಲವೂ ನಿಂಗರಾಜಣ್ಣ ಟೇಬಲ್ ಪಕ್ಕ ನಿಂತು ಹೆಸರನ್ನು ಕೂಗಿ ಓದಿದ.

ಮರುದಿನ ಯಾರೂ ಕರೆಯದಿದ್ದರೂ ಮದ್ದೂರಿಗೆ ಹೋದೆ. ಅಜ್ಜಿಯ ಪಟ್ಟಿ ಬಿಚ್ಚಿದರು. ಕಣ್ಣು ಪಿಳಿಪಿಳಿ ಮಾಡಿ ನನ್ನನ್ನೇ ನೋಡಿತು.

“ಯಾಕ್ಲಾ ಮಗ, ಇಂಗ್ ಬೆವ್ತಿದ್ದೀಯ?”

“ಕಾಣ್ತದಾ ಅಜ್ಜಿ?”

“ಒಂದೊಂದ್ ಅನೀನೂ ಕಾಣ್ತದೆ.”